ಕಣ್ಣು ಮುಚ್ಚಿಸುವ ಮೊದಲು



ಮೊದಲಿಗೆ ಒಂದು ತರಗತಿಯ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಕಾಸರಗೋಡಿನ ಪೂರ್ವಭಾಗದ ಗುಡ್ಡಗಾಡಿನಲ್ಲಿರುವ ಒಂದು ಕನ್ನಡ ಮಾಧ್ಯಮ ಶಾಲೆ. ಹಂಚಿನ ಮಾಡು, ಸುತ್ತ ಅಡಕೆ ತೋಟ, ಜುಲೈ ತಿಂಗಳು. ರಜೆಯಲ್ಲಿ ತರಬೇತಿ ಪಡೆದು ಬಂದ ಟೀಚರ್ ಒಬ್ಬರು ಆರನೆಯ ತರಗತಿಯಲ್ಲಿ ದಿನದ ಮೊದಲ ಐದು ನಿಮಿಷಗಳನ್ನು ಧ್ಯಾನಕ್ಕೆ ಮೀಸಲಿಟ್ಟಿದ್ದಾರೆ. ಬೆನ್ನು ನೆಟ್ಟಗೆ, ಕೈಗಳು ತೊಡೆಯ ಮೇಲೆ, ಕಣ್ಣು ಮುಚ್ಚಿ ಉಸಿರನ್ನು ಗಮನಿಸುವುದು. ಮೊದಲ ವಾರ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಗಲಾಟೆ ಕಡಿಮೆಯಾಯಿತೆಂದು ಪಕ್ಕದ ತರಗತಿಯ ಮಾಷ್ಟ್ರು ಕೂಡ ಮೆಚ್ಚುತ್ತಾರೆ. ಎರಡನೆಯ ವಾರದ ಒಂದು ಬೆಳಿಗ್ಗೆ ಹಂಚಿನ ಮೇಲೆ ಮಳೆ ಒಮ್ಮೆಲೇ ರಭಸವಾಗಿ ಸುರಿಯತೊಡಗುತ್ತದೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಕಿರಿಚಿ ಎದ್ದು, ಬ್ಯಾಗನ್ನೂ ಬಿಟ್ಟು, ವರಾಂಡಕ್ಕೆ ಓಡುತ್ತಾಳೆ. ಕೆಲವು ಮಕ್ಕಳು ನಗುತ್ತಾರೆ. ಟೀಚರ್ ಅವಳನ್ನು ಕರೆತಂದು ಕೂರಿಸಿ, "ಏನೂ ಆಗುವುದಿಲ್ಲ, ಕಣ್ಣು ಮುಚ್ಚು, ನಿಧಾನವಾಗಿ ಉಸಿರು ತೆಗೆದುಕೊ" ಎಂದು ಸಮಾಧಾನಪಡಿಸುತ್ತಾರೆ. ಹುಡುಗಿ ಕಣ್ಣು ಮುಚ್ಚುವುದಿಲ್ಲ, ಮೈ ನಡುಗುತ್ತದೆ. ಮರುದಿನದಿಂದ ಮೂರು ದಿನ ಅವಳು ಶಾಲೆಗೆ ಬರುವುದಿಲ್ಲ.

ಹಿಂದಿನ ವರ್ಷದ ಮಳೆಗಾಲದಲ್ಲಿ ಆ ಹುಡುಗಿಯ ಮನೆಯ ಹಿಂದಿನ ಬರೆ ನಡುರಾತ್ರಿ ಜರಿದಿತ್ತು. ಪಕ್ಕದಲ್ಲಿ ಮಲಗಿದ್ದ ಅಜ್ಜಿ ಉಳಿಯಲಿಲ್ಲ. ಈಗ ಕುಟುಂಬ ಸೋದರಮಾವನ ಮನೆಯಲ್ಲಿದೆ. ಟೀಚರ್ ಆ ಮನೆಗೆ ಹೋದಾಗ ಹುಡುಗಿ ಬಹಳ ಹೊತ್ತು ಮಾತಾಡದೆ ಇದ್ದು, ಕೊನೆಗೆ ಒಂದೇ ವಾಕ್ಯ ಹೇಳುತ್ತಾಳೆ: "ಕಣ್ಣು ಮುಚ್ಚಿದರೆ ನೀರು ಬರುತ್ತದೆ ಟೀಚರ್."

ಧ್ಯಾನದ ವಿಷಯದಲ್ಲಿ ಗಡಿನಾಡಿನ ಶಿಕ್ಷಕರಿಗೆ ಹೇಳಬೇಕಾದುದೆಲ್ಲ ಈ ಒಂದು ವಾಕ್ಯದ ಸುತ್ತಲೇ ಇದೆ. ಆ ಟೀಚರ್ ಮಾಡಿದ್ದು ತಪ್ಪೆಂದು ಹೇಳಲಾಗದು. ಅವರ ಉದ್ದೇಶ ಒಳ್ಳೆಯದು, ವಿಧಾನವೂ ಬಹುಪಾಲು ಮಕ್ಕಳಿಗೆ ಒಗ್ಗುವಂಥದೇ. ಆದರೆ ಒಂದೇ ಮದ್ದು ಎಲ್ಲ ನೋವಿಗೂ ಸಲ್ಲುತ್ತದೆಂಬ ನಂಬಿಕೆ ಅದರ ಹಿಂದೆ ಇತ್ತು. ಆ ನಂಬಿಕೆಯನ್ನು ಇಂದು ಸ್ವಲ್ಪ ಪರೀಕ್ಷಿಸಬೇಕಾಗಿದೆ.

ಒತ್ತಡ, ಆತಂಕ, ಆಘಾತ ಎಂಬ ಮೂರು ಪದಗಳನ್ನು ಭಾಷಣಗಳಲ್ಲಿ ಒಂದೇ ಉಸಿರಿಗೆ ಹೇಳುವುದು ರೂಢಿಯಾಗಿದೆ. ಇವು ಒಂದೇ ಅಲ್ಲ. ನಾಳೆ ಗಣಿತ ಪರೀಕ್ಷೆ, ಇಂದು ಪಾಠ ಮುಗಿದಿಲ್ಲ ಎಂಬುದು ಒತ್ತಡ. ಕಾರಣ ಕಣ್ಣೆದುರೇ ಇದೆ, ಪರೀಕ್ಷೆ ಮುಗಿದೊಡನೆ ಅದೂ ಇಳಿಯುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಹುಡುಗ, ಮುಂದೆ ಮಲಯಾಳ, ತಮಿಳು, ಮರಾಠಿ, ತೆಲುಗು ಅಥವಾ ಇಂಗ್ಲಿಷಿನ ಕಾಲೇಜಿನಲ್ಲಿ ತನ್ನ ಗತಿಯೇನು ಎಂದು ಎಂಟನೆಯ ತರಗತಿಯಿಂದಲೇ ನಿದ್ದೆಗೆಡುವುದು ಆತಂಕ. ಅದು ಇನ್ನೂ ಬಾರದ ದಿನಗಳ ಭಯ. ಆಘಾತವೆಂಬುದಾದರೋ ಬೇರೆಯೇ ಜಾತಿಯದು. ನಡೆದುಹೋದ ಘಟನೆ ಅಲ್ಲಿ ನಡೆದುಹೋಗಿರುವುದೇ ಇಲ್ಲ. ಒಂದು ಸದ್ದು, ಒಂದು ವಾಸನೆ, ಒಂದು ಕತ್ತಲೆ ಸಾಕು. ಅದು ಈಗ, ಇಲ್ಲಿ, ಮತ್ತೆ ನಡೆಯುತ್ತದೆ. ಹುಡುಗಿ "ನೀರು ಬಂದಿತ್ತು" ಎನ್ನಲಿಲ್ಲ, "ನೀರು ಬರುತ್ತದೆ" ಎಂದಳು. ಭಾಷಾಶಿಕ್ಷಕರಾದವರು ಆ ಕ್ರಿಯಾಪದದ ಕಾಲವನ್ನು ಗಮನಿಸಬೇಕು.

ಇನ್ನು ಧ್ಯಾನ ದೇಹದಲ್ಲಿ ಏನು ಮಾಡುತ್ತದೆ ಎಂಬ ಪ್ರಶ್ನೆ. ಅಪಾಯ ಎದುರಾದಾಗ ಪ್ರಾಣಿಯ ದೇಹ ಕಾದಾಡಲು ಇಲ್ಲವೇ ಓಡಲು ಸಜ್ಜಾಗುತ್ತದೆ ಎಂಬುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಗುಂಡಿಗೆ ವೇಗವಾಗಿ ಬಡಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ಉಸಿರು ಮೇಲುಸಿರಾಗುತ್ತದೆ. ಕನ್ನಡಕ್ಕೆ ಇದು ಹೊಸ ಸಂಗತಿಯೇನಲ್ಲ. ಎದೆ ಡವಡವ ಎನ್ನುವುದು, ಎದೆ ಧಸಕ್ಕೆನ್ನುವುದು, ಕೈಕಾಲು ತಣ್ಣಗಾಗುವುದು, ಗಂಟಲು ಕಟ್ಟುವುದು, ಹೊಟ್ಟೆಯಲ್ಲಿ ಸಂಕಟವಾಗುವುದು ಎಂದೆಲ್ಲ ಹಳ್ಳಿಯ ಅಜ್ಜಿಯರು ಭಯವನ್ನು ದೇಹದ ಭಾಷೆಯಲ್ಲಿಯೇ ಹೇಳುತ್ತ ಬಂದಿದ್ದಾರೆ. ಈ ಸಜ್ಜಿಕೆಯನ್ನು ಇಳಿಸಿ ದೇಹವನ್ನು ವಿಶ್ರಾಂತಿಗೆ ಮರಳಿಸುವ ಇನ್ನೊಂದು ನರವ್ಯವಸ್ಥೆಯೂ ಇದೆ. ಮೆದುಳಿನ ಬುಡದಿಂದ ಹೊರಟು ಗುಂಡಿಗೆ, ಶ್ವಾಸಕೋಶ, ಜಠರಗಳವರೆಗೆ ಇಳಿಯುವ ವೇಗಸ್ ನರ ಅದರ ಮುಖ್ಯ ಹಾದಿ. ಗುಂಡಿಗೆಯನ್ನು ನಿಧಾನಗೊಳಿಸು ಎಂದು ಯಾರೂ ಆಜ್ಞೆ ಮಾಡಲಾರರು, ಹಸಿವನ್ನು ಹುಟ್ಟಿಸು ಎಂದೂ ಹೇಳಲಾರರು. ಉಸಿರು ಮಾತ್ರ ತಾನಾಗಿಯೂ ನಡೆಯುತ್ತದೆ, ಹೇಳಿದಂತೆಯೂ ಕೇಳುತ್ತದೆ. ಉಸಿರನ್ನು ಹೊರಬಿಡುವಾಗ ನಾಡಿ ತುಸು ನಿಧಾನವಾಗುತ್ತದೆ, ಒಳಗೆಳೆಯುವಾಗ ತುಸು ಚುರುಕಾಗುತ್ತದೆ. ಇದನ್ನು ನಂಬಿಕೆಯ ವಿಷಯವಾಗಿ ಹೇಳಬೇಕಾಗಿಲ್ಲ; ವಿಜ್ಞಾನದ ಅವಧಿಯಲ್ಲಿ ಮಕ್ಕಳು ತಮ್ಮ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ತಾವೇ ಕಂಡುಕೊಳ್ಳಬಹುದು. ಆಟದ ಮೈದಾನದಿಂದ ಓಡಿಬಂದಾಗ ಒಮ್ಮೆ, ಉಸಿರನ್ನು ದೀರ್ಘವಾಗಿ ಬಿಡುತ್ತ ಮೂರು ನಿಮಿಷ ಕುಳಿತ ಮೇಲೆ ಇನ್ನೊಮ್ಮೆ ನಾಡಿ ಎಣಿಸಿ ಬರೆದಿಡಲಿ. ಧ್ಯಾನದ ಕುರಿತ ಹತ್ತು ಉಪನ್ಯಾಸಗಳಿಗಿಂತ ಆ ಎರಡು ಅಂಕಿಗಳು ಹೆಚ್ಚು ಕಲಿಸುತ್ತವೆ.

ಧ್ಯಾನವನ್ನು ಮಠ, ಆಶ್ರಮಗಳಿಂದ ಆಸ್ಪತ್ರೆಗೆ ತಂದ ಕಾರ್ಯ ಅಮೆರಿಕದಲ್ಲಿ ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ನಡೆಯಿತು. ಹಾರ್ವರ್ಡಿನ ವೈದ್ಯ ಹರ್ಬರ್ಟ್ ಬೆನ್ಸನ್ 1975ರಲ್ಲಿ ದೇಹದ ವಿಶ್ರಾಂತಿಸ್ಪಂದನದ ಬಗ್ಗೆ ಪುಸ್ತಕ ಬರೆದರು. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್ ಜಿನ್ ಒಂದು ಅಭ್ಯಾಸಕ್ರಮವನ್ನು ಆರಂಭಿಸಿದರು. ದೀರ್ಘಕಾಲದ ನೋವಿನಿಂದ ಬಳಲುತ್ತ, ಔಷಧಗಳಿಂದ ಸಾಕಷ್ಟು ಉಪಶಮನ ಕಾಣದಿದ್ದವರು ಅದರ ಮೊದಲ ಅಭ್ಯಾಸಿಗಳಲ್ಲಿದ್ದರು. ಅಲ್ಲಿಂದೀಚೆಗೆ ನಡೆದ ಸಂಶೋಧನೆಗಳ ರಾಶಿ ದೊಡ್ಡದು. ಅದರಲ್ಲಿ ಕಾಳೂ ಇದೆ, ಜೊಳ್ಳೂ ಇದೆ. 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು 47 ಪ್ರಯೋಗಗಳ, ಮೂರೂವರೆ ಸಾವಿರಕ್ಕೂ ಮಿಕ್ಕ ಜನರ ಫಲಿತಾಂಶಗಳನ್ನು ಕೂಡಿಸಿ ತೂಗಿನೋಡಿದ ವಿಮರ್ಶೆಯನ್ನು ಪ್ರಕಟಿಸಿತು. ಧ್ಯಾನದಿಂದ ಆತಂಕ, ಖಿನ್ನತೆ, ನೋವುಗಳಲ್ಲಿ ಸಾಧಾರಣ ಮಟ್ಟದ ಸುಧಾರಣೆ ಕಂಡಿತೆಂದೂ, ಆದರೆ ಔಷಧ, ವ್ಯಾಯಾಮ ಮುಂತಾದ ಇತರ ಚಿಕಿತ್ಸೆಗಳಿಗಿಂತ ಅದು ಮೇಲೆಂದು ತೋರಿಸುವ ಆಧಾರ ಸಿಗಲಿಲ್ಲವೆಂದೂ ಅದು ಹೇಳಿತು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆತಂಕದ ಕಾಯಿಲೆಯುಳ್ಳ 276 ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂಟು ವಾರಗಳ ಧ್ಯಾನ, ಇನ್ನೊಂದಕ್ಕೆ ಬಳಕೆಯಲ್ಲಿರುವ ಮಾತ್ರೆಯನ್ನು ಕೊಡಲಾಯಿತು. ಎರಡೂ ಗುಂಪಿನವರಿಗೆ ಹೆಚ್ಚುಕಡಿಮೆ ಸಮನಾದ ಗುಣ ಸಿಕ್ಕಿತು. ಇದು ಸಣ್ಣ ಮಾತಲ್ಲ. ಆದರೆ ಅವರು ದೊಡ್ಡವರು, ತಾವಾಗಿ ಒಪ್ಪಿ ಬಂದವರು, ದಿನಕ್ಕೆ ಮುಕ್ಕಾಲು ಗಂಟೆ ಮನೆಯಲ್ಲಿ ಅಭ್ಯಾಸ ಮಾಡಬೇಕಾಗಿದ್ದವರು, ನುರಿತ ಬೋಧಕರ ಕೈಕೆಳಗೆ ಕಲಿತವರು. ಅಂಥ ಫಲವನ್ನು ಐದು ನಿಮಿಷದ ಪ್ರಾರ್ಥನಾಸಭೆಯಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಶಾಲೆಗಳಲ್ಲಿ ಏನಾಯಿತು ಎಂಬುದಕ್ಕೂ ಉತ್ತರವಿದೆ, ಮತ್ತು ಅದು ಉತ್ಸಾಹಿಗಳಿಗೆ ಸ್ವಲ್ಪ ಕಹಿಯಾಗಿದೆ. ಬ್ರಿಟನ್ನಿನಲ್ಲಿ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಹದಿಹರೆಯದ ಮಕ್ಕಳನ್ನು ಒಳಗೊಂಡ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂತು. ಶಿಕ್ಷಕರಿಗೆ ಮೊದಲು ತರಬೇತಿ ಕೊಟ್ಟು, ಅವರ ಮೂಲಕ ಮಕ್ಕಳಿಗೆ ಧ್ಯಾನವನ್ನು ಕಲಿಸಲಾಗಿತ್ತು. ಎಂದಿನ ಭಾವನಾತ್ಮಕ ಶಿಕ್ಷಣ ಪಡೆದ ಮಕ್ಕಳಿಗಿಂತ ಧ್ಯಾನ ಕಲಿತ ಮಕ್ಕಳ ಮನಃಸ್ಥಿತಿ ಉತ್ತಮವಾಗಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮೊದಲೇ ಮನಸ್ಸಿನ ತೊಂದರೆಯಲ್ಲಿದ್ದ ಮಕ್ಕಳಿಗೆ ಇದು ಹಿತವಾಗದೆ ಇರಬಹುದೆಂಬ ಸೂಚನೆಯೂ ಕಂಡಿತು. ಅದೇ ಪ್ರಯೋಗದಲ್ಲಿ ಒಂದು ಗುಂಪಿಗೆ ಮಾತ್ರ, ಸ್ವಲ್ಪ ಕಾಲದ ಮಟ್ಟಿಗಾದರೂ, ಒಳಿತಾಯಿತು: ಕಲಿಸಿದ ಶಿಕ್ಷಕರಿಗೆ. ವೃತ್ತಿಯ ಬಳಲಿಕೆ ಅವರಲ್ಲಿ ಕಡಿಮೆಯಾಗಿತ್ತು. ಈ ಕೊನೆಯ ಸಂಗತಿಯನ್ನು ಮುಂದೆ ಮತ್ತೆ ಎತ್ತಿಕೊಳ್ಳಬೇಕಾಗುತ್ತದೆ.

ಹಾಗಾದರೆ ಮಕ್ಕಳಿಗೆ ಧ್ಯಾನ ಬೇಡವೇ? ಬೇಕು, ಆದರೆ ಮಗು ನೋಡಿ. ಸಾಧಾರಣ ಒತ್ತಡದ ಮಗುವಿಗೆ ಮೂರು ನಿಮಿಷದ ಮೌನ ಹಿತವಾದ ತಂಗುದಾಣ. ಆಘಾತಕ್ಕೆ ಸಿಕ್ಕಿದ ಮಗುವಿಗೆ ಅದೇ ಮೌನ ಬಾಗಿಲಿಲ್ಲದ ಕೋಣೆಯಾಗಬಹುದು.

ಕಾರಣ ಸ್ಪಷ್ಟವಾಗಿಯೇ ಇದೆ. 1993ರ ಸೆಪ್ಟೆಂಬರ್ 30ರಂದು ಬೆಳಕು ಹರಿಯುವ ಮುನ್ನ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಜನ ಗಣೇಶನನ್ನು ಬೀಳ್ಕೊಟ್ಟು ಬಂದು ಮಲಗಿದ್ದರು. ಸೋಲಾಪುರ, ಅಕ್ಕಲಕೋಟೆಯ ಹಿರಿಯರಿಗೆ ಆ ರಾತ್ರಿಯ ನೆನಪು ಇಂದಿಗೂ ಇದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮೇಪ್ಪಾಡಿ ಪಂಚಾಯತಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಕುಸಿದು ಬಂದಾಗಲೂ ಜನ ನಿದ್ದೆಯಲ್ಲಿದ್ದರು. ಇನ್ನೂರಕ್ಕೂ ಹೆಚ್ಚು ಜೀವಗಳು ಹೋದವು. ಹೊಳೆಯ ದಡದ ವೆಳ್ಳಾರ್‌ಮಲ ಶಾಲೆ ಹಾಳಾಯಿತು. ಇಂಥ ದುರಂತಗಳಲ್ಲಿ ಬದುಕುಳಿದ ಮಗುವಿಗೆ ಕತ್ತಲೆ, ಮೌನ, ಅಲುಗಾಡದ ದೇಹ ಎಂಬ ಮೂರೂ ಆ ರಾತ್ರಿಯ ಗುರುತುಗಳಾಗಿಬಿಡುತ್ತವೆ. ಈಗ ಧ್ಯಾನದ ಸೂಚನೆಗಳನ್ನು ಕೇಳಿಸಿಕೊಳ್ಳಬೇಕು: ಕಣ್ಣು ಮುಚ್ಚು, ಸುಮ್ಮನಿರು, ಅಲುಗಾಡಬೇಡ. ಹಿತವನ್ನು ಬಯಸಿ ಹೇಳಿದ ಮೂರು ಮಾತುಗಳು ಮಗುವನ್ನು ನೇರವಾಗಿ ಆ ರಾತ್ರಿಗೇ ಒಯ್ದು ಬಿಡುತ್ತವೆ. ಉಸಿರಿನ ಕಡೆಗೆ ಗಮನ ಕೊಡು ಎಂಬುದೂ ಎಲ್ಲರಿಗೂ ನಿರಪಾಯವಲ್ಲ. ಮಣ್ಣಿನಡಿ, ನೀರಿನಡಿ ಉಸಿರುಗಟ್ಟಿದ ಮಗುವಿಗೆ, ಹೊಗೆಯಲ್ಲಿ ಸಿಕ್ಕಿಕೊಂಡ ಮಗುವಿಗೆ, ದೊಡ್ಡವರಾರೋ ಬಾಯಿ ಒತ್ತಿ ಹಿಡಿದ ಮಗುವಿಗೆ ಉಸಿರೇ ಭಯದ ಮೂಲಸ್ಥಾನ. ಕೊನೆಯ ಬಗೆಯ ಮಗು ಪ್ರತಿ ಶಾಲೆಯಲ್ಲಿಯೂ ಇರಬಹುದು. ಅದು ಯಾರೆಂದು ಶಿಕ್ಷಕರಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲವೆಂಬ ಕಾರಣದಿಂದಲೇ ಇಡೀ ತರಗತಿಗೆ ಒಂದೇ ಆಜ್ಞೆಯನ್ನು ಕೊಡಬಾರದು.

ಗುಡ್ಡ ಜರಿಯಲೇಬೇಕೆಂದೂ ಇಲ್ಲ. ತಾಳವಾಡಿಯ ಕಾಡಂಚಿನಲ್ಲಿ ರಾತ್ರಿ ಆನೆ ನುಗ್ಗಿದ ಮನೆಯ ಮಗು, ಜತ್ತದ ಕಡೆ ಬರಗಾಲಕ್ಕೆ ಬೇಸತ್ತು ಕಬ್ಬು ಕಡಿಯಲು ಹೋದ ತಂದೆ ತಾಯಿಗಾಗಿ ಅಜ್ಜನ ಮನೆಯಲ್ಲಿ ಕಾಯುವ ಮಗು, ಕುಡಿದು ಬರುವ ಅಪ್ಪನ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟು ಮಲಗುವ ಮಗು — ಇವರೆಲ್ಲ ಒಂದೇ ಹಾಜರಿ ಪುಸ್ತಕದಲ್ಲಿ ಇರುತ್ತಾರೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಧ್ಯಾನವೆಂದರೆ ಕಣ್ಣು ಮುಚ್ಚಿ ಕೂರುವುದೇ ಎಂದು ಎಲ್ಲರೂ ತಿಳಿದಂತಿದೆ. ಪರಂಪರೆ ಹಾಗೆ ಹೇಳಿಲ್ಲ. ಪತಂಜಲಿಯ ಯೋಗಸೂತ್ರಗಳಲ್ಲಿ ಧ್ಯಾನಕ್ಕೆ ಮೊದಲು ಧಾರಣೆ ಬರುತ್ತದೆ: ಚಿತ್ತವನ್ನು ಒಂದು ಎಡೆಯಲ್ಲಿ ನಿಲ್ಲಿಸುವುದು. ಬೌದ್ಧ ಭಿಕ್ಷುಗಳು ನಡೆಯುತ್ತ ಧ್ಯಾನಿಸುವ ಕ್ರಮವನ್ನು ಇಟ್ಟುಕೊಂಡಿದ್ದಾರೆ. ಜಪಾನಿನ ಝೆನ್ ಮಠಗಳಲ್ಲಿ ಕಣ್ಣು ಅರೆತೆರೆದಿರುತ್ತದೆ. ಅಷ್ಟು ದೂರವೇಕೆ? ಕನ್ನಡದ ಶರಣರ ಪದ್ಧತಿಯಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ತೆರೆದ ಕಣ್ಣಿನಿಂದ ನೋಡುವುದೇ ಧ್ಯಾನ. ಸೊನ್ನಲಿಗೆ ಎಂದರೆ ಇಂದಿನ ಸೋಲಾಪುರ; ಅಲ್ಲಿ ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮನ ದಾರಿ ಮಣ್ಣು ಹೊರುವ ಕೈಗಳಿಂದ ಆರಂಭವಾಗಿ, ಅಲ್ಲಮನ ಭೇಟಿಯ ನಂತರವೇ ಒಳಮುಖವಾಯಿತೆಂದು ಪರಂಪರೆ ಹೇಳುತ್ತದೆ. ಯಾವ ಮತದ ಆಚರಣೆಯನ್ನೂ ಶಾಲೆಗೆ ತರಬೇಕೆಂಬ ಅರ್ಥದಲ್ಲಿ ಈ ಮಾತುಗಳನ್ನು ಹೇಳುತ್ತಿಲ್ಲ. ಕಣ್ಣು ತೆರೆದೂ, ಕೈ ಆಡಿಸುತ್ತಲೂ, ನಡೆಯುತ್ತಲೂ ಚಿತ್ತವನ್ನು ನಿಲ್ಲಿಸಬಹುದೆಂಬುದು ಈ ನೆಲಕ್ಕೆ ಗೊತ್ತಿದ್ದ ಸಂಗತಿ ಎಂಬುದಷ್ಟೇ ಇದರ ತಾತ್ಪರ್ಯ.

ಆಘಾತಗೊಂಡ ಮಗುವಿಗೆ ಬೇಕಾದುದು ಇದೇ. ಒಳಕ್ಕೆ ಇಳಿಯುವ ಮೊದಲು ಹೊರಗೆ ಭದ್ರವಾದ ಒಂದು ಗೂಟ ಬೇಕು. ಕಿಟಕಿಯಾಚೆಯ ಮರದಲ್ಲಿ ಎಷ್ಟು ಬಗೆಯ ಹಸುರಿದೆ ಎಂದು ನೋಡುವುದು. ಕೇಳಿಬರುವ ಸದ್ದುಗಳಲ್ಲಿ ಹತ್ತಿರದ್ದು ಯಾವುದು, ದೂರದ್ದು ಯಾವುದು ಎಂದು ಗುರುತಿಸುವುದು. ಅಂಗಾಲನ್ನು ನೆಲಕ್ಕೆ ಒತ್ತಿ ಅದರ ತಂಪನ್ನು ಅರಿಯುವುದು. ಮುಷ್ಟಿಯಲ್ಲಿ ಒಂದು ನುಣುಪಾದ ಕಲ್ಲನ್ನು ಹಿಡಿದು ಅದರ ತೂಕವನ್ನು ಗಮನಿಸುವುದು. ಈ ಸರಳ ಕೆಲಸಗಳು ಮಗುವಿಗೆ ಹೇಳುವುದು ಒಂದೇ: ಈಗ ಹಗಲು, ಇದು ಶಾಲೆ, ಇಲ್ಲಿ ನೆಲ ಗಟ್ಟಿಯಾಗಿದೆ. ಚುಕ್ಕಿ ಇಟ್ಟು ರಂಗೋಲಿ ಎಳೆಯುವುದು ಈ ದೃಷ್ಟಿಯಿಂದ ಅಪೂರ್ವವಾದ ಅಭ್ಯಾಸ. ಕಣ್ಣು, ಕೈ, ಎಣಿಕೆ ಮೂರೂ ಒಂದೇ ಗೆರೆಯಲ್ಲಿ ಸೇರುತ್ತವೆ; ಮನಸ್ಸು ಬೇರೆಡೆಗೆ ಹೋದರೆ ಗೆರೆಯೇ ತಿಳಿಸುತ್ತದೆ. ಹುಡುಗರಿಗೂ ಇದನ್ನು ಕೊಡಬೇಕು. ಅವರು ಮೊದಲು ನಾಚಿದರೂ ಆಮೇಲೆ ಬಿಡುವುದಿಲ್ಲ. ಹೂ ಕಟ್ಟುವುದು, ಕಾಳು ಬೇರ್ಪಡಿಸುವುದು, ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುತ್ತ ಹಾಡುವುದು ಇದೇ ಸಾಲಿಗೆ ಸೇರುತ್ತವೆ. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳ ನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಸಮುದಾಯದ ಕಾರ್ಯಕರ್ತರನ್ನು ತರಬೇತಿಗೊಳಿಸಿದಾಗ ಮಕ್ಕಳ ವಿಷಯದಲ್ಲಿ ಆಟ, ಚಿತ್ರ, ಕಥೆ, ಹಾಡುಗಳಿಗೆ ಮುಖ್ಯ ಸ್ಥಾನ ಕೊಟ್ಟರು. ದಿನಚರಿಯನ್ನು ಬೇಗನೆ ಮರಳಿ ತರುವುದೂ ಚಿಕಿತ್ಸೆಯೇ. ವಯನಾಡಿನಲ್ಲಿ ಹಾನಿಗೊಂಡ ಶಾಲೆಗಳ ಮಕ್ಕಳಿಗೆ ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ತರಗತಿಗಳು ತೆರೆದವು. ಗಂಟೆ ಬಾರಿಸಿದೊಡನೆ ಸಾಲು ನಿಲ್ಲುವುದು, ಹೆಸರು ಕೂಗಿದಾಗ ಹಾಜರಿ ಹೇಳುವುದು, ಮಧ್ಯಾಹ್ನ ಜೊತೆಗೆ ಕುಳಿತು ಉಣ್ಣುವುದು — ನಾಳೆ ಎಂಬುದು ಇದೆಯೆಂದು ಮಗು ಮತ್ತೆ ನಂಬುವುದು ಇಂಥವುಗಳಿಂದ.

ಇಡೀ ತರಗತಿಗೆ ಉಸಿರಿನ ಅಭ್ಯಾಸ ಮಾಡಿಸುವುದಾದರೆ ಮಾತುಗಳನ್ನು ಎಚ್ಚರದಿಂದ ಆರಿಸಬೇಕು. "ಕಣ್ಣು ಮುಚ್ಚಿರಿ" ಎಂಬುದಕ್ಕೆ ಬದಲು "ಬೇಕಾದವರು ಕಣ್ಣು ಮುಚ್ಚಬಹುದು, ಬೇಡದವರು ಮೇಜಿನ ಮೇಲೆ ಒಂದು ಚುಕ್ಕಿಯನ್ನು ನೋಡುತ್ತ ಇರಬಹುದು" ಎನ್ನಬೇಕು. ಬಾಗಿಲು ತೆರೆದಿರಲಿ, ದೀಪ ಆರಿಸುವುದು ಬೇಡ. ಎರಡು ಮೂರು ನಿಮಿಷ ಸಾಕು. ಆಳವಾಗಿ ಎಳೆಯಿರಿ ಎಂದು ಒತ್ತಾಯಿಸುವುದಕ್ಕಿಂತ ನಿಧಾನವಾಗಿ ಬಿಡಿರಿ ಎನ್ನುವುದು ಮೇಲು. ಮೇಲಿಂದ ಮೇಲೆ ಆಳವಾಗಿ ಎಳೆದರೆ ಕೆಲವು ಮಕ್ಕಳಿಗೆ ತಲೆ ಸುತ್ತುತ್ತದೆ. ಉಸಿರು ಹಿಡಿಯುವ ಪ್ರಾಣಾಯಾಮ ತರಗತಿಯ ಕೆಲಸವಲ್ಲ. ಮಕ್ಕಳ ಹಿಂದೆ ಸದ್ದಿಲ್ಲದೆ ನಡೆದಾಡಬಾರದು, ತಲೆ ಮುಟ್ಟಿ ಭಂಗಿ ಸರಿಪಡಿಸಬಾರದು. ಎದ್ದು ಹೋದ ಮಗುವನ್ನು ಎಲ್ಲರೆದುರು ಪ್ರಶ್ನಿಸಬಾರದು. ಗಲಾಟೆ ಮಾಡಿದವರನ್ನು "ಹತ್ತು ನಿಮಿಷ ಧ್ಯಾನಕ್ಕೆ ಕೂರು" ಎಂದು ಮೂಲೆಗೆ ಕಳಿಸುವ ಹೊಸ ರೂಢಿಯೊಂದು ಅಲ್ಲಲ್ಲಿ ಕಾಣುತ್ತಿದೆ. ಇದು ಬೆತ್ತಕ್ಕೆ ಬಿಳಿ ಬಟ್ಟೆ ಸುತ್ತಿದಂತೆ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂಬುದು ಹಾಗಿರಲಿ. ಶಿಕ್ಷೆಯಾಗಿ ಬಂದ ಮೌನವನ್ನು ಮುಂದೆ ಯಾವ ಮಗುವೂ ವಿಶ್ರಾಂತಿಯೆಂದು ಒಪ್ಪಿಕೊಳ್ಳುವುದಿಲ್ಲ.

ಧರ್ಮದ ಪ್ರಶ್ನೆಯನ್ನು ಚಿಕ್ಕದಾಗಿ ಮುಗಿಸಬಹುದು. ಗಡಿನಾಡಿನ ಒಂದೇ ತರಗತಿಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಜೈನ ಮಕ್ಕಳು ಕೂತಿರುತ್ತಾರೆ. ಸಂವಿಧಾನದ 28ನೆಯ ವಿಧಿ ಸರಕಾರದ ಹಣದಿಂದಲೇ ನಡೆಯುವ ಶಾಲೆಗಳಲ್ಲಿ ಮತಬೋಧನೆಯನ್ನು ನಿಷೇಧಿಸಿದೆ. ಅನುದಾನಿತ ಶಾಲೆಗಳಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದರಲ್ಲಿ ತೊಡಗಿಸಬಾರದೆಂದು ಹೇಳಿದೆ. ಮಂತ್ರ, ಮೂರ್ತಿ, ಮುದ್ರೆಗಳಿಲ್ಲದೆ ಉಸಿರು ನಡೆಯುತ್ತದೆ. ಏನು ಮಾಡಿಸುತ್ತಿದ್ದೇವೆ ಎಂಬುದನ್ನು ಪೋಷಕರ ಸಭೆಯಲ್ಲಿ ಮಾಡಿ ತೋರಿಸಿದರೆ ಅನುಮಾನಗಳು ಅಲ್ಲಿಯೇ ಕರಗುತ್ತವೆ.

ಕನ್ನಡ ಶಿಕ್ಷಕರ ಹೊಣೆ ವಿಶೇಷವಾಗಿ ಇರುವುದು ಭಾಷೆಯಲ್ಲಿ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುವಾಗ ಪಾಠದ ಮಾತಷ್ಟೇ ಮನಸ್ಸಿಗೆ ಬರುತ್ತದೆ. ದುಃಖಕ್ಕೂ ಮಾತೃಭಾಷೆ ಬೇಕು. ದುರಂತದ ನಂತರ ಬರುವ ಆಪ್ತಸಮಾಲೋಚಕರು ಆ ರಾಜ್ಯದ ಭಾಷೆಯವರು, ಒಳ್ಳೆಯವರು, ನುರಿತವರು. ಆದರೆ ಮಗು ಆ ಭಾಷೆಯಲ್ಲಿ ಅಂಗಡಿಯ ಲೆಕ್ಕ ಹೇಳಬಲ್ಲುದು, ಬಸ್ಸಿನ ದಾರಿ ಕೇಳಬಲ್ಲುದು. ಎದೆಯೊಳಗಿನ ಸಂಕಟವನ್ನು ಹೇಳಲಾರದು. "ಭಯವಾಗುತ್ತದೆಯೇ" ಎಂದರೆ "ಇಲ್ಲ" ಎನ್ನುತ್ತದೆ. ಶಿಕ್ಷಕರು "ಹೊಟ್ಟೆಯಲ್ಲಿ ಏನಾಗುತ್ತದೆ, ಗಂಟಲು ಕಟ್ಟುತ್ತದೆಯೇ, ಕೈ ತಣ್ಣಗಾಗುತ್ತದೆಯೇ" ಎಂದು ಕೇಳಿದರೆ ತಲೆಯಾಡಿಸುತ್ತದೆ. ಎಷ್ಟೋ ಕಡೆ ಮಗುವಿನ ಮನೆಮಾತು ಕನ್ನಡವೂ ಅಲ್ಲ. ತುಳು, ಕೊಂಕಣಿ, ಬ್ಯಾರಿ, ಬಡಗ, ಮರಾಠಿ ಇರುತ್ತದೆ. ಅಂಥಲ್ಲಿ ಮನೆಮಾತಿನ ಒಂದು ಪದವನ್ನು ಶಿಕ್ಷಕರು ಕಲಿತು ಬಳಸಿದರೆ ಅದು ವ್ಯಾಕರಣದ ತಪ್ಪೇನೂ ಅಲ್ಲ.

ಇಷ್ಟೆಲ್ಲ ಮಾಡಿದರೂ ಶಿಕ್ಷಕರು ವೈದ್ಯರಲ್ಲ. ಒಂದು ತಿಂಗಳು ಕಳೆದರೂ ಮಗು ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಹಾಸಿಗೆ ಒದ್ದೆಯಾಗುವುದು ಮರಳಿ ಶುರುವಾಗಿದ್ದರೆ, ಆಟದಲ್ಲಿ ಅದೇ ದುರಂತವನ್ನು ಮತ್ತೆ ಮತ್ತೆ ಆಡುತ್ತಿದ್ದರೆ, ಕರೆದರೂ ಕೇಳಿಸದವರಂತೆ ಶೂನ್ಯವನ್ನು ನೋಡುತ್ತ ಕೂತಿದ್ದರೆ ವೈದ್ಯರ ಬಳಿಗೆ ಕಳಿಸಬೇಕು. ಸಾಯುವ ಮಾತನ್ನು ಆಡಿದರೆ ಅದೇ ದಿನ ಕಳಿಸಬೇಕು. ತಿಂಗಳು ಕಾಯುವ ಪ್ರಶ್ನೆಯಿಲ್ಲ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡವೂ ಸೇರಿದಂತೆ 20 ಭಾಷೆಗಳಿವೆ. ಕರೆ ಮಾಡುವವರು ಭಾಷೆಯನ್ನು ಆರಿಸಿಕೊಳ್ಳಬಹುದು. ಮಗುವಿಗೆ ಮನೆಯಲ್ಲಿಯೋ ಹೊರಗೋ ಯಾರಿಂದಾದರೂ ಹಿಂಸೆಯಾಗುತ್ತಿದೆ ಎಂದು ತಿಳಿದಾಗ 1098. ಈ ಎರಡು ಸಂಖ್ಯೆಗಳು ಶಿಕ್ಷಕರ ಕೊಠಡಿಯ ಗೋಡೆಯ ಮೇಲೆ, ವೇಳಾಪಟ್ಟಿಯ ಪಕ್ಕದಲ್ಲಿಯೇ ಇರಲಿ.

ಬ್ರಿಟನ್ನಿನ ಪ್ರಯೋಗದಲ್ಲಿ ಒಳಿತು ಕಂಡವರು ಶಿಕ್ಷಕರೆಂಬ ಮಾತು ಬಾಕಿ ಉಳಿದಿದೆ. ಗಡಿನಾಡಿನ ಕನ್ನಡ ಶಿಕ್ಷಕರ ಬಳಲಿಕೆಯನ್ನು ಇಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ. ತಡವಾಗಿ ತಲಪುವ ಪಠ್ಯಪುಸ್ತಕ, ತುಂಬದ ಹುದ್ದೆ, ಬೇರೆ ಭಾಷೆಯಲ್ಲಿ ಬರುವ ಸುತ್ತೋಲೆ, ಮಕ್ಕಳ ಸಂಖ್ಯೆ ಇಳಿದರೆ ಶಾಲೆಯೇ ಮುಚ್ಚೀತೆಂಬ ಅಳುಕು. ಉಸಿರನ್ನು ಗಮನಿಸುವುದರಿಂದ ಖಾಲಿ ಹುದ್ದೆ ತುಂಬುವುದಿಲ್ಲ. ಆಡಳಿತ ಮಾಡಬೇಕಾದುದನ್ನು ಧ್ಯಾನದ ಹೆಸರಿನಲ್ಲಿ ಶಿಕ್ಷಕರ ಹೆಗಲಿಗೇ ದಾಟಿಸುವ ಸಲಹೆಗಳನ್ನು ಅನುಮಾನದಿಂದಲೇ ನೋಡಬೇಕು. ಆದರೆ ತರಗತಿಯ ಹೊಸ್ತಿಲಿನಲ್ಲಿ ಅರೆನಿಮಿಷ ನಿಂತು, ಅಂಗಾಲು ನೆಲ ಮುಟ್ಟಿರುವುದನ್ನು ಅರಿತು, ಮೂರು ಸಲ ನಿಧಾನವಾಗಿ ಉಸಿರು ಬಿಟ್ಟು ಒಳಗೆ ಹೋಗುವುದಕ್ಕೆ ಯಾವ ಆದೇಶವೂ ಬೇಡ. ಬೆದರಿದ ಮಗು ಮೊದಲು ಓದುವುದು ಪುಸ್ತಕವನ್ನಲ್ಲ, ಶಿಕ್ಷಕರ ಮುಖವನ್ನು. ದನಿ ಎತ್ತರವಿದೆಯೇ, ಹುಬ್ಬು ಗಂಟಿಕ್ಕಿದೆಯೇ, ಕೈಯಲ್ಲಿ ಸೀಮೆಸುಣ್ಣ ನಡುಗುತ್ತಿದೆಯೇ ಎಂಬುದನ್ನು ಅದು ಕ್ಷಣದಲ್ಲಿ ತಿಳಿಯುತ್ತದೆ.

ಮೊದಲು ಹೇಳಿದ ಟೀಚರ್ ಆ ಮನೆಯಿಂದ ಹಿಂದಿರುಗಿದ ಮೇಲೆ ಧ್ಯಾನವನ್ನು ನಿಲ್ಲಿಸಲಿಲ್ಲ, ಕ್ರಮವನ್ನು ಬದಲಿಸಿದರು. ಹುಡುಗಿಯನ್ನು ಎಲ್ಲರಿಂದ ಬೇರೆ ಮಾಡದಂತೆ ಇಡೀ ತರಗತಿಗೇ ಚುಕ್ಕಿಯ ಪುಸ್ತಕಗಳನ್ನು ಹಂಚಿದರು. ಕಣ್ಣು ಮುಚ್ಚುವವರು ಮುಚ್ಚಿದರು, ಉಳಿದವರು ಚುಕ್ಕಿಗಳನ್ನು ಸೇರಿಸಿದರು. ಹುಡುಗಿಯ ಜಾಗ ಬಾಗಿಲ ಪಕ್ಕಕ್ಕೆ ಬಂತು. ಮಳೆ ಜೋರಾದ ದಿನ ಅವಳು ಹೇಳದೆಯೇ ಎದ್ದು ವರಾಂಡದಲ್ಲಿ ಒಂದು ಸುತ್ತು ನಡೆದು ಬರಬಹುದೆಂದು ಮೊದಲೇ ಒಪ್ಪಂದವಾಗಿತ್ತು. ಜಿಲ್ಲಾ ಆಸ್ಪತ್ರೆಗೆ ತಾಯಿಯೊಡನೆ ಎರಡು ಸಲ ಟೀಚರೇ ಹೋದರು. ಅಲ್ಲಿಯ ಮಾತನ್ನು ಕನ್ನಡಕ್ಕೆ, ಹುಡುಗಿಯ ಮಾತನ್ನು ಮಲಯಾಳಕ್ಕೆ ದಾಟಿಸಿದರು. ಎಲ್ಲವೂ ಸರಿಹೋಯಿತೆಂದು ಹೇಳಲಾಗದು. ನವೆಂಬರದಲ್ಲಿ ಮಳೆ ನಿಂತ ಮೇಲೂ ಅವಳು ಕಣ್ಣು ಮುಚ್ಚುತ್ತಿರಲಿಲ್ಲ.

ಮುಂದಿನ ಜೂನ್ ತಿಂಗಳಲ್ಲಿ, ಏಳನೆಯ ತರಗತಿಯ ಮೊದಲ ವಾರ, ಹಂಚಿನ ಮೇಲೆ ಹನಿಗಳು ಬಿದ್ದಾಗ ಪಕ್ಕದ ಬೆಂಚಿನವಳು ಕಿಟಕಿ ಮುಚ್ಚಲು ಎದ್ದಳು. ಹುಡುಗಿ ಚುಕ್ಕಿಯ ಪುಸ್ತಕದಿಂದ ಪೆನ್ಸಿಲ್ ಎತ್ತದೆ ಹೇಳಿದಳು: "ಇರಲಿ, ಮುಚ್ಚಬೇಡ. ಎಷ್ಟು ಬರುತ್ತದೆಂದು ಕಾಣಲಿ."